"ಈಚೆಗೆ ಏನೇನು ಮಾಡೋದು ಬಿಟ್ಟಿದ್ದೀರಿ?"

ಕಣ್ಣು ಪರೀಕ್ಷೆ ಮಾಡೋದು ನನ್ನ ಕೆಲಸ. ಈ ಕೆಲಸಕ್ಕೆ ಸೇರಿ 22 ವರ್ಷ ಆಯಿತು. ನನ್ನ ಬಳಿ ಬರುವವರಲ್ಲಿ 60 ದಾಟಿದವರೇ ಜಾಸ್ತಿ.

ಮೊದಲ ಹದಿನಾಲ್ಕು ವರ್ಷ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಕಣ್ಣು ಹೇಗೆ ಕಾಣಿಸುತ್ತೆ?" ಬರುತ್ತಿದ್ದ ಉತ್ತರವೂ ಒಂದೇ. "ಪರವಾಗಿಲ್ಲಮ್ಮ, ವಯಸ್ಸಿಗೆ ತಕ್ಕ ಹಾಗೆ ಕಾಣುತ್ತೆ." ಆ ಮಾತನ್ನು ನಾನು ನಂಬುತ್ತಿದ್ದೆ. ನನ್ನ ಅಪ್ಪನ ವಿಷಯದಲ್ಲೂ ನಂಬಿದೆ.

ಅಪ್ಪನಿಗೆ ಆಗ 71. ದಿನವೂ ಪೇಪರ್ ಓದುತ್ತಿದ್ದರು. ದೂರದ ಬೋರ್ಡು ಓದಿ ಹೇಳುತ್ತಿದ್ದರು. ಒಂದು ದಿನ ಅವರು ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು, ನಾನು ಎದುರಿಗೆ ಕೂತಿದ್ದೆ. ಮೊದಲು ಎಡಗೈಯಿಂದ ಲೋಟದ ಅಂಚು ಮುಟ್ಟಿದರು. ಜಗ್ಗಿನ ಮೂತಿಯನ್ನು ಆ ಅಂಚಿಗೆ ತಾಗಿಸಿದರು. ಟಣ್ ಅಂತ ಸಣ್ಣ ಸದ್ದು. ಆಮೇಲೆ ತೋರುಬೆರಳನ್ನು ಒಂದು ಗೆಣ್ಣಿನಷ್ಟು ಲೋಟದೊಳಗೆ ಇಳಿಬಿಟ್ಟು ಬಗ್ಗಿಸಿದರು. ನೀರು ಬೆರಳಿಗೆ ತಾಗಿದ ಕೂಡಲೇ ನಿಲ್ಲಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಅಷ್ಟು ಸಲೀಸಾಗಿ ಮಾಡಬೇಕಾದರೆ ತಿಂಗಳುಗಟ್ಟಲೆ ಅಭ್ಯಾಸ ಆಗಿರಬೇಕು. ನನಗೆ ಎದೆ ಧಸಕ್ಕೆಂದಿತು.

"ಅಪ್ಪಾ, ಬೆರಳು ಯಾಕೆ ಇಡ್ತೀರಿ?"

"ಸುಮ್ನೆ ಕಣಮ್ಮ, ಅಭ್ಯಾಸ."

ಮರುದಿನವೇ ಪರೀಕ್ಷೆಗೆ ಕೂರಿಸಿದೆ. ಎರಡೂ ಕಣ್ಣು ತೆರೆದು ಚಾರ್ಟಿನ 6/6 ಸಾಲನ್ನು, ಅಂದರೆ ನೋಟ ಸರಿಯಿದ್ದವರು ಓದುವ ಸಣ್ಣ ಅಕ್ಷರದ ಸಾಲನ್ನು, ಸರಾಗವಾಗಿ ಓದಿದರು. ಅಲ್ಲಿಗೇ ಬಿಟ್ಟಿದ್ದರೆ "ಕಣ್ಣು ಚೆನ್ನಾಗಿದೆ" ಅಂತ ಬರೆದು ಕಳಿಸಬಹುದಿತ್ತು. ಸುತ್ತ ಎಲ್ಲೆಲ್ಲಿ ಕಾಣುತ್ತದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿದಾಗ ಎಡಗಣ್ಣಿನ ಕಾಗದ ಬಹುಪಾಲು ಕಪ್ಪಾಗಿ ಬಂತು, ಅಂದರೆ ಅಷ್ಟು ಜಾಗ ಕಾಣುತ್ತಿರಲಿಲ್ಲ. ಬಲಗಣ್ಣಿನಲ್ಲೂ ಕೆಳಭಾಗ ಮಂಕಾಗಲು ಶುರುವಾಗಿತ್ತು. ಗ್ಲಾಕೋಮಾ.

ಇದರಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸ್ವಲ್ಪ ಸ್ವಲ್ಪವೇ ಸಾಯುತ್ತದೆ. ತುಂಬಾ ಜನರಲ್ಲಿ ಕಣ್ಣಿನೊಳಗಿನ ಒತ್ತಡ ಜಾಸ್ತಿ ಇರುತ್ತದೆ. ಸಾಮಾನ್ಯವಾಗಿ ಆ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರಬೇಕು. ಆದರೆ ಒತ್ತಡ ಸರಿಯಿದ್ದೂ ನರ ಹಾಳಾಗುವವರಿದ್ದಾರೆ. ಅದಕ್ಕೇ ಬರೀ ಒತ್ತಡ ಅಳೆದರೆ ಸಾಲದು, ನರವನ್ನೂ ನೋಡಬೇಕು. ಸಾಮಾನ್ಯವಾಗಿ ಕಾಣುವ ಬಗೆಯ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ಸುತ್ತಲಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಪೇಪರ್ ಓದಬಹುದು, ಆದರೆ ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ. ಒಂದು ಕಣ್ಣಲ್ಲಿ ಕಾಣದ ಜಾಗವನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಕಪ್ಪು ಕಲೆಯೇನೂ ಕಾಣುವುದಿಲ್ಲ. ಅಪ್ಪ ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜಕ್ಕೂ "ಪರವಾಗಿಲ್ಲ" ಅನ್ನಿಸುತ್ತಿತ್ತು.

ಹೋದ ನೋಟ ವಾಪಸ್ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬಹುದು, ಅಷ್ಟೇ.

ಆವತ್ತಿನಿಂದ ನನ್ನ ಪ್ರಶ್ನೆ ಬದಲಾಯಿತು. "ಈಚೆಗೆ ಏನೇನು ಮಾಡೋದು ಬಿಟ್ಟಿದ್ದೀರಿ?" ಅಂತ ಕೇಳುತ್ತೇನೆ. ಹಿರಿಯರು ಕಾಣುವುದಿಲ್ಲ ಅಂತ ದೂರುವುದು ಕಡಿಮೆ. ಕಾಣದ ಕೆಲಸವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. "ಹೊಲಿಗೆ ಬೇಜಾರಾಯ್ತು ಬಿಡು" ಅನ್ನುತ್ತಾರೆ. "ಸಂಜೆ ಮೇಲೆ ಹೊರಗೆ ಹೋಗೋಕೆ ಮನಸ್ಸಿಲ್ಲ" ಅನ್ನುತ್ತಾರೆ. ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲ, ಮನೆಯವರು "ಯಾಕೋ ಸಿಡುಕು ಜಾಸ್ತಿಯಾಗಿದೆ" ಅಂದುಕೊಳ್ಳುತ್ತಾರೆ. ಮುಖ ಗುರುತು ಸಿಕ್ಕಿರುವುದಿಲ್ಲ ಅಷ್ಟೇ. ಕೇಳುತ್ತಾ ಹೋದರೆ ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಹೊರಗೆ ಬರುತ್ತದೆ. ಆ ಹತ್ತು ನಿಮಿಷವನ್ನು ನಾನು ಯಾವ ಯಂತ್ರಕ್ಕೂ ಬಿಟ್ಟುಕೊಡುವುದಿಲ್ಲ.

ಎರಡನೆಯದು, ಒಂದೊಂದೇ ಕಣ್ಣು ಮುಚ್ಚಿ ನೋಡುವುದು. ಒಬ್ಬ ಅಮ್ಮ ಬಂದಿದ್ದರು, 68 ವರ್ಷ. ಬಲಗಣ್ಣು ತುರಿಸಿತು ಅಂತ ಉಜ್ಜಿಕೊಳ್ಳುವಾಗ ಎದುರಿಗಿದ್ದ ಗಡಿಯಾರದ ಮುಳ್ಳು ಮಾಯವಾಯಿತಂತೆ. ಕೈ ತೆಗೆದರೆ ಮುಳ್ಳು ಇದೆ, ಮತ್ತೆ ಮುಚ್ಚಿದರೆ ಇಲ್ಲ. ಎಡಗಣ್ಣಿನ ಒಳಪದರದ (ರೆಟಿನಾದ) ನಡುಭಾಗ, ಅಂದರೆ ಮ್ಯಾಕ್ಯುಲಾ, ಸವೆದಿತ್ತು. ಯಾವಾಗಿನಿಂದ ಅಂತ ಅವರಿಗೇ ಗೊತ್ತಿಲ್ಲ. ಬಲಗಣ್ಣು ಚೆನ್ನಾಗಿದ್ದದ್ದಕ್ಕೆ ಗೊತ್ತಾಗಿರಲಿಲ್ಲ.

ನಮ್ಮ ಮನೆಯಲ್ಲಿ ಈಗ ತಿಂಗಳಿಗೊಮ್ಮೆ ಇದನ್ನು ಮಾಡುತ್ತೇವೆ. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಆಮ್ಸ್ಲರ್ ಗ್ರಿಡ್ ನೋಡುವುದು. ಅದೊಂದು ಚೌಕುಳಿ ಕಾಗದ, ನಡುವೆ ಒಂದು ಚುಕ್ಕೆ. ಮಾರ್ಕ್ ಆಮ್ಸ್ಲರ್ ಎಂಬ ಸ್ವಿಸ್ ಕಣ್ಣಿನ ವೈದ್ಯರು ಮಾಡಿದ್ದು. ಚುಕ್ಕೆ ಮೇಲೆ ದೃಷ್ಟಿ ಇಟ್ಟಾಗ ಗೆರೆ ಎಲ್ಲಾದರೂ ಬಾಗಿದರೆ, ಅಲೆಯಂತೆ ಕಂಡರೆ, ಅಳಿಸಿಹೋದ ಹಾಗಿದ್ದರೆ ತಡ ಮಾಡಬಾರದು. ಕಾಗದ ಸಿಗದಿದ್ದರೆ ಕಿಟಕಿಯ ಕಂಬಿ, ಬಾಗಿಲ ಚೌಕಟ್ಟು ಸಾಕು. ಮ್ಯಾಕ್ಯುಲಾ ಸವೆತದಲ್ಲಿ ಒಣ ಬಗೆ ನಿಧಾನ. ಇನ್ನೊಂದು ಬಗೆಯಲ್ಲಿ ಹೊಸ ರಕ್ತನಾಳ ಬೆಳೆದು ಸೋರುತ್ತದೆ, ಅದು ವಾರಗಳಲ್ಲೇ ನೋಟ ಕಸಿಯಬಹುದು. ಅದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಬೇಗ ಶುರು ಮಾಡಿದಷ್ಟೂ ಉಳಿಯುವುದು ಜಾಸ್ತಿ. ಸಿಗರೇಟು ಸೇದುವವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಪೊರೆಯ ವಿಷಯಕ್ಕೆ ಬರುತ್ತೇನೆ. ವಯಸ್ಸಾದವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು, "ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಸೋಣ." ಹಿಂದಿನ ಕಾಲದ ಆಪರೇಷನ್ನಿಗೆ ಅದು ಸರಿ ಇತ್ತು. ಈಗ ಎರಡು ಮೂರು ಮಿಲಿಮೀಟರ್ ಸೀಳಿನಿಂದ, ಶಬ್ದದ ಅಲೆಯಲ್ಲಿ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಬಲಿತು ಕಲ್ಲಿನಂತಾದ ಪೊರೆಯನ್ನು ಪುಡಿ ಮಾಡುವುದೇ ಕಷ್ಟ. ಹಾಗಂತ ಪೊರೆ ಕಂಡ ತಕ್ಷಣ ಓಡಬೇಕಾಗಿಯೂ ಇಲ್ಲ. ದಿನದ ಕೆಲಸಕ್ಕೆ ತೊಡಕಾಗುತ್ತಿದೆಯಾ? ಎದುರಿನ ಗಾಡಿಯ ದೀಪ ಸಿಡಿದ ಹಾಗೆ ಕಾಣುತ್ತಾ? ಹೌದು ಅಂದರೆ ವೈದ್ಯರ ಜತೆ ಕೂತು ಮಾತಾಡುವ ಕಾಲ ಬಂತು ಅಂತ. ಹನಿ ಔಷಧಿಯಲ್ಲಿ ಪೊರೆ ಕರಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಕಾಯುತ್ತಾ ಕೂತು ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಗಮನಿಸಿ. ಇದ್ದಕ್ಕಿದ್ದ ಹಾಗೆ "ನನಗೆ ಕನ್ನಡಕ ಇಲ್ಲದೆ ಓದೋಕಾಗ್ತಿದೆ" ಅಂತ ತಾತಂದಿರು ಖುಷಿಯಾಗಿ ಬರುತ್ತಾರೆ. ಆ ಖುಷಿಯನ್ನು ಮುರಿಯಲು ನನಗೆ ಮನಸ್ಸಾಗುವುದಿಲ್ಲ, ಆದರೆ ಹೇಳಲೇಬೇಕು. ಪೊರೆ ಬರುವಾಗ ಕಣ್ಣಿನ ಮಸೂರ ಗಟ್ಟಿಯಾಗಿ ಪವರ್ ಬದಲಾಗುತ್ತದೆ. ಹತ್ತಿರದ್ದು ಕೆಲಕಾಲ ಚೆನ್ನಾಗಿ ಕಾಣುತ್ತದೆ, ದೂರದ್ದು ಮಂಜಾಗುತ್ತದೆ.

ಪೊರೆ ತೆಗೆದ ಮೇಲೆ ಕಣ್ಣಿನ ಒಳಗೆ ಕೂರಿಸುವ ಲೆನ್ಸಿನ ಕತೆ ನನಗೆ ತುಂಬಾ ಇಷ್ಟ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಆ ಚೂರುಗಳಿಗೆ ಕಣ್ಣು ಅಷ್ಟಾಗಿ ಕೆರಳಲಿಲ್ಲ ಅನ್ನುವುದನ್ನು ಹೆರಾಲ್ಡ್ ರಿಡ್ಲಿ ಎಂಬ ಬ್ರಿಟಿಷ್ ಕಣ್ಣಿನ ವೈದ್ಯರು ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಅಂಥದೇ ಪ್ಲಾಸ್ಟಿಕ್ಕಿನ ಲೆನ್ಸನ್ನು ಮೊದಲ ಬಾರಿಗೆ ಕಣ್ಣಿನೊಳಗೆ ಇಟ್ಟರು. ಅದಕ್ಕೂ ಮೊದಲು ಪೊರೆ ತೆಗೆಸಿಕೊಂಡವರು ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡೇ ಬದುಕಬೇಕಿತ್ತು. ಆಪರೇಷನ್ ಆಗಿ ಕೆಲವು ತಿಂಗಳು ಅಥವಾ ವರ್ಷದ ಮೇಲೆ ಮತ್ತೆ ಮಂಜಾದರೆ "ಪೊರೆ ವಾಪಸ್ ಬಂತು" ಅಂತ ಹೆದರುತ್ತಾರೆ. ಪೊರೆ ಮತ್ತೆ ಬರುವುದಿಲ್ಲ. ಲೆನ್ಸಿನ ಹಿಂದಿರುವ ತೆಳು ಚೀಲ ಮಬ್ಬಾಗಿರುತ್ತದೆ, ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ ಸರಿ ಮಾಡುತ್ತಾರೆ.

ಡ್ರಾಪ್ಸ್ ಹಾಕುವುದನ್ನು ನಾನು ಬಾಯಲ್ಲಿ ಹೇಳಿಕೊಡುವುದನ್ನು ನಿಲ್ಲಿಸಿದ್ದೇನೆ. ಎದುರಿಗೇ ಹಾಕಿಸಿ ನೋಡುತ್ತೇನೆ. ಅಪ್ಪನದೇ ಪಾಠ ಇದೂ. ಮೂರು ತಿಂಗಳು ಡ್ರಾಪ್ಸ್ ಹಾಕಿದರೂ ಅವರ ಒತ್ತಡ ಇಳಿಯಲಿಲ್ಲ. ಔಷಧಿ ಬದಲಿಸುವ ಮುಂಚೆ "ಒಂದು ಸಲ ಹಾಕಿ ತೋರಿಸಿ ಅಪ್ಪಾ" ಅಂದೆ. ನಿಂತುಕೊಂಡೇ ತಲೆ ಎತ್ತಿದರು, ಕೈ ನಡುಗಿತು, ಹನಿ ರೆಪ್ಪೆ ಮೇಲೆ ಬಿತ್ತು. ಕಣ್ಣು ಪಟಪಟ ಬಡಿದು, ಕೆನ್ನೆ ಒರೆಸಿಕೊಂಡು, "ಆಯ್ತು" ಅಂದರು. ಮೂರು ತಿಂಗಳ ಔಷಧಿ ಕೆನ್ನೆ ಮೇಲೇ ಹರಿದುಹೋಗಿತ್ತು.

ನಾನು ಹೇಳಿಕೊಡುವ ಕ್ರಮ ಹೀಗಿದೆ. ಕೈ ತೊಳೆದುಕೊಂಡು ಮಲಗಬೇಕು, ಇಲ್ಲವೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಬೇಕು. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದರೆ ಪುಟ್ಟ ಜೇಬಿನ ಹಾಗೆ ಆಗುತ್ತದೆ. ಬಾಟಲಿ ಹಿಡಿದ ಕೈಯನ್ನು ಹಣೆ ಮೇಲೆ ಊರಿಕೊಂಡರೆ ನಡುಕ ಕಡಿಮೆ. ಸೂರು ನೋಡುತ್ತಾ ಆ ಜೇಬಿಗೆ ಒಂದೇ ಹನಿ. ಎರಡು ಬೇಡ, ಕಣ್ಣಿನಲ್ಲಿ ಒಂದು ಹನಿಗೇ ಪೂರ್ತಿ ಜಾಗವಿಲ್ಲ, ಉಳಿದದ್ದು ಹೊರಗೆ ಹರಿಯುತ್ತದೆ. ಬಾಟಲಿಯ ಮೂತಿ ಕಣ್ಣಿಗಾಗಲೀ ರೆಪ್ಪೆಗಾಗಲೀ ತಾಗಬಾರದು. ಆಮೇಲೆ ಕಣ್ಣು ಬಡಿಯದೆ ಸುಮ್ಮನೆ ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಅಲ್ಲಿಂದ ಒಂದು ನಾಳ ಮೂಗಿಗೆ ಹೋಗುತ್ತದೆ. ಒತ್ತದಿದ್ದರೆ ಔಷಧಿ ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ. ಗ್ಲಾಕೋಮಾದ ಕೆಲವು ಡ್ರಾಪ್ಸ್ ನಾಡಿ ಬಡಿತವನ್ನು ನಿಧಾನ ಮಾಡಬಲ್ಲವು, ಉಬ್ಬಸ ಕೆರಳಿಸಬಲ್ಲವು. ಹಾಗಾಗಿ ಉಬ್ಬಸ ಅಥವಾ ಹೃದಯದ ತೊಂದರೆ ಇದ್ದರೆ ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ಬಹಳಷ್ಟು ಡ್ರಾಪ್ಸ್ ತೆರೆದ ನಾಲ್ಕು ವಾರದ ಮೇಲೆ ಬಳಸುವಂತಿಲ್ಲ.

ಕಣ್ಣು ಕೆಂಪಾಯಿತು ಅಂತ ಮನೆಯಲ್ಲಿ ಉಳಿದ ಯಾರದೋ ಡ್ರಾಪ್ಸ್ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಭಯ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಉರಿ ತಕ್ಷಣ ಕಡಿಮೆಯಾಗುತ್ತದೆ, ವಾರಗಟ್ಟಲೆ ಹಾಕಿದರೆ ಒಳಗೆ ಒತ್ತಡ ಏರುತ್ತಿರುತ್ತದೆ.

ಬೆಳಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ವಯಸ್ಸಾದಂತೆ ಕಣ್ಣುಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 60ರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ನಿಮಗೆ ಸಾಕಾದ ದೀಪ ಅವರಿಗೆ ಸಾಲುವುದಿಲ್ಲ. ಅಪ್ಪನ ಕುರ್ಚಿಯ ಪಕ್ಕ ಒಂದು ಟೇಬಲ್ ಲ್ಯಾಂಪ್ ಇಟ್ಟೆ, ಬೆಳಕು ಪುಟದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಮೆಟ್ಟಿಲ ಅಂಚಿಗೆಲ್ಲ ಹಳದಿ ಟೇಪು ಅಂಟಿಸಿದೆ. ಎರಡು ಪವರ್ ಇರುವ ಕನ್ನಡಕ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಕೆಳಗಿನ ಓದುವ ಭಾಗದಿಂದ ಹೆಜ್ಜೆ ಮಂಜಾಗಿ ಕಾಣುತ್ತದೆ. ಹೊರಗೆ ಓಡಾಡಲು ಬರೀ ದೂರದ ಪವರ್ ಇರುವ ಇನ್ನೊಂದು ಕನ್ನಡಕ ಮಾಡಿಸಿಕೊಟ್ಟೆ. ಈ ಮೂರಕ್ಕೆ ಒಂದು ದಿನ ಹಿಡಿಯಿತು. ಆಮೇಲೆ ಅವರು ಭುಜ ಬಡಿಸಿಕೊಂಡದ್ದು ಎರಡೇ ಸಲ.

ಒಬ್ಬರು ಅಜ್ಜಿಯ ಮಾತು ಹೇಳಲೇಬೇಕು. ಎರಡೂ ಕಣ್ಣಿನ ಮ್ಯಾಕ್ಯುಲಾ ಸವೆದಿತ್ತು. ಮಗಳನ್ನು ಹೊರಗೆ ಕಳಿಸಿ, ನನ್ನ ಕೈ ಹಿಡಿದು ಪಿಸುಗುಟ್ಟಿದರು. "ಯಾರಿಗೂ ಹೇಳಬೇಡ ಮಗಳೇ. ಮಧ್ಯಾಹ್ನದ ಹೊತ್ತು ಪುಟ್ಟ ಪುಟ್ಟ ಮಕ್ಕಳು ಮಂಚದ ತುದಿಯಲ್ಲಿ ಕೂತಿರ್ತಾರೆ. ಬಣ್ಣದ ಬಟ್ಟೆ. ಮಾತಾಡಲ್ಲ. ಅವರು ನಿಜ ಅಲ್ಲ ಅಂತ ಗೊತ್ತು. ನನಗೆ ಹುಚ್ಚು ಹಿಡೀತಾ?" ನಾನು ಹೇಳಿದೆ, "ಇಲ್ಲ ಅಜ್ಜಿ. ಕಣ್ಣು ಕಳಿಸೋ ಚಿತ್ರ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಬರೆಯುತ್ತೆ." ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅನ್ನುತ್ತಾರೆ. ಸ್ವಿಸ್ ವಿಜ್ಞಾನಿ ಬೊನೆ 1760ರಲ್ಲಿ ತಮ್ಮ ಸ್ವಂತ ಅಜ್ಜನಿಗೆ ಹೀಗೆ ಕಾಣುತ್ತಿದ್ದುದನ್ನು ಬರೆದಿಟ್ಟರು. ಆ ಅಜ್ಜನ ಬುದ್ಧಿ ಚುರುಕಾಗಿಯೇ ಇತ್ತು. ಅಜ್ಜಿ ಕೇಳಿ ತುಂಬಾ ಹೊತ್ತು ಅತ್ತರು. ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದರಂತೆ. ಈಗ ನೋಟ ತುಂಬಾ ಕಡಿಮೆ ಇರುವ ಎಲ್ಲರನ್ನೂ ನಾನಾಗಿಯೇ ಕೇಳುತ್ತೇನೆ. ಕಂಡದ್ದನ್ನು ನಿಜ ಅಂತ ನಂಬಿದರೆ, ಮಾತೂ ಕೇಳಿಸಿದರೆ ಅದು ಬೇರೆ ವಿಷಯ, ವೈದ್ಯರು ನೋಡಬೇಕು.

ಕೆಲವಕ್ಕೆ ನಾಳೆವರೆಗೂ ಕಾಯುವಂತಿಲ್ಲ. ಕಣ್ಣಲ್ಲಿ ಮಿಂಚು ಹೊಡೆದ ಹಾಗಾಗಿ ಕಪ್ಪು ಚುಕ್ಕೆಗಳ ಮಳೆ ಸುರಿದರೆ, ಪರದೆ ಇಳಿದಂತೆ ಕಂಡರೆ, ರೆಟಿನಾ ಕಿತ್ತುಬರುತ್ತಿರಬಹುದು. ಕಣ್ಣು ಕೆಂಪಾಗಿ ತಡೆಯಲಾರದ ನೋವು, ದೀಪದ ಸುತ್ತ ಬಣ್ಣದ ಬಳೆ, ಜತೆಗೆ ವಾಂತಿ ಬಂದರೆ ಒತ್ತಡ ಒಮ್ಮೆಲೇ ಏರಿರಬಹುದು. 50 ದಾಟಿದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ನಡುನಡುವೆ ಕಣ್ಣು ಕತ್ತಲೆ ಬಂದರೆ ಅದು ರಕ್ತನಾಳದ ಊತ ಇರಬಹುದು, ಎರಡೂ ಕಣ್ಣು ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ರೆಟಿನಾ ತೋರಿಸಬೇಕು. ಕನ್ನಡಕದ ಪವರ್ ನೋಡಿಸುವುದು ಬೇರೆ, ಕಣ್ಣು ತೋರಿಸುವುದು ಬೇರೆ.

ಗ್ಲಾಕೋಮಾ ಇರುವವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ನಾನೂ ನನ್ನ ತಮ್ಮನೂ ಈಗ ವರ್ಷಕ್ಕೊಮ್ಮೆ ನರ ತೋರಿಸುತ್ತೇವೆ.

ಅಪ್ಪನಿಗೆ ಈಗ 79. ಎಡಗಣ್ಣು ಹಾಗೇ ಇದೆ. ಬಲಗಣ್ಣಿನ ಫೀಲ್ಡ್ ಟೆಸ್ಟ್ ಕಾಗದ ಐದು ವರ್ಷದಿಂದ ಒಂದೇ ಥರ ಬರುತ್ತಿದೆ. ರಾತ್ರಿ 9 ಗಂಟೆಗೆ ತಾವೇ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ವೈದ್ಯರನ್ನು ಕೇಳಿ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡುತ್ತೇವೆ, ತಣ್ಣಗಿದ್ದರೆ ಹನಿ ಎಲ್ಲಿ ಬಿತ್ತು ಅಂತ ಗೊತ್ತಾಗುತ್ತದೆ. ಮಂಚದ ಮೇಲೆ ಮಲಗಿ, ಕೈಯನ್ನು ಹಣೆಗೆ ಊರಿ, ಒಂದು ಹನಿ. "ತಣ್ಣಗಾಯ್ತು, ಒಳಗೇ ಬಿತ್ತು" ಅಂತ ಕೂಗಿ ಹೇಳುತ್ತಾರೆ. ನಾನು ಪಕ್ಕದ ಕೋಣೆಯಿಂದ ಎರಡು ನಿಮಿಷ ಎಣಿಸುತ್ತೇನೆ.