ಒಂದೇ ವರ್ಷದ ಇತಿಹಾಸ ಚಾರ್ಟ್ ಮಾಡುದು ಹೇಗೆ? ಕ್ರಿ.ಶ. 79 ಹಿಡ್ಕೊಳ್ಳಿ

ಶಾಲೆಯಲ್ಲಿ ಪ್ರಾಚೀನ ಕಾಲದ ಯಾವ್ದಾದ್ರೂ ಒಂದು ವರ್ಷದ ಚಾರ್ಟ್ ತನ್ನಿ ಅಂದ್ರೆ ನಾವು ಮಾಡುದೆಂತ, ಇಪ್ಪತ್ತು ರಾಜರ ಹೆಸ್ರು ಬರ್ದು ಸುತ್ತ ಸ್ಕೆಚ್ ಪೆನ್ನಲ್ಲಿ ಬಾರ್ಡರ್ ಹಾಕುದು. ಅದು ಬೇಡ ಮಾರಾಯ್ರೆ. ಮಂಗ್ಳೂರಿನವ್ರಿಗೆ 79 ಒಳ್ಳೇದು, ಅದ್ರ ಒಂದು ತುದಿ ನಮ್ಮ ಅಳಿವೆಬಾಗಿಲಿಗೇ ಬಂದು ತಾಗ್ತದೆ.

ಮೊದ್ಲು ಮೇಲ್ಗಡೆ ವರ್ಷದ ಹೆಸ್ರುಗಳನ್ನು ಬರೀರಿ, ಯಾಕಂದ್ರೆ ಆಗಿನವ್ರಿಗೆ ಅದು 79 ಅಂತ ಗೊತ್ತೇ ಇರ್ಲಿಲ್ಲ. ರೋಮಿನಲ್ಲಿ ಚಕ್ರವರ್ತಿ ವೆಸ್ಪಾಸಿಯನ್ ಮತ್ತು ಟೈಟಸ್ ಕಾನ್ಸಲ್ (ಅಲ್ಲಿನ ದೊಡ್ಡ ಅಧಿಕಾರಿ, ಅವ್ರ ಹೆಸ್ರಲ್ಲೇ ವರ್ಷ ಕರೀತಿದ್ರು) ಆದ ವರ್ಷ, ಚೀನಾದಲ್ಲಿ ಜಿಯಾನ್‌ಚು 4 (ಅಲ್ಲಿನ ಚಕ್ರವರ್ತಿ ಇಟ್ಟ ಕಾಲದ ಹೆಸ್ರು, ಅದ್ರ 4ನೇ ವರ್ಷ), ಪಂಚಾಂಗದ ಶಕೆ ಲೆಕ್ಕ ಹಿಡಿದ್ರೆ 78 ಕಳೆದು ಶಕ 1.

ಮಧ್ಯದಲ್ಲಿ ಇಟಲಿಯ ಜ್ವಾಲಾಮುಖಿ ವೆಸೂವಿಯಸ್, ದೊಡ್ಡದಾಗಿ. ಜೂನಲ್ಲಿ ವೆಸ್ಪಾಸಿಯನ್ ತೀರಿಹೋಗಿ ಮಗ ಟೈಟಸ್ ಪಟ್ಟಕ್ಕೆ ಬಂದು ಕೆಲವೇ ತಿಂಗ್ಳಲ್ಲಿ ಬೆಟ್ಟ ಸಿಡಿದು ಪಾಂಪೆಯಿ, ಹರ್ಕ್ಯುಲೇನಿಯಂ ಎರಡೂ ಊರು ಮುಚ್ಚಿಹೋದ್ವು. ತಾರೀಕು ಆಗಸ್ಟ್ 24 ಅಂತ ಕಣ್ಣುಮುಚ್ಚಿ ಬರೀಬೇಡಿ, 2018ರಲ್ಲಿ ಪಾಂಪೆಯಿಯ ಗೋಡೆಯಲ್ಲಿ ಅಕ್ಟೋಬರ್ 17ಕ್ಕೆ ಸರಿಯಾಗುವ ಇದ್ದಿಲಿನ ಬರಹ ಸಿಕ್ಕಿದ ಮೇಲೆ ಸುಮಾರು ಜನ ಅಕ್ಟೋಬರ್ ಅಂತಾರೆ. ಎರಡೂ ಹಾಕಿ.

ಈಗ ನಮ್ಮ ಊರಿನ ವಿಷಯ. ಆ ಗಲಾಟೆಯಲ್ಲಿ ಜನರನ್ನು ಕಾಪಾಡ್ಲಿಕ್ಕೆ ಹಡಗು ತಕ್ಕೊಂಡು ಹೋಗಿ ಸ್ಟೇಬಿಯೆಯ ದಡದಲ್ಲಿ ಸತ್ತದ್ದು ನೌಕಾಪಡೆಯ ಮುಖ್ಯಸ್ಥ ಹಿರಿಯ ಪ್ಲಿನಿ. ಇದೇ ಮನುಷ್ಯ ಅದಕ್ಕಿಂತ ಮುಂಚೆ ತನ್ನ ದೊಡ್ಡ ಪುಸ್ತಕದಲ್ಲಿ, ಕೇರಳ ಕರಾವಳಿಯ ಹಳೇ ಮುಜಿರಿಸ್ ಬಂದರಿಗೆ ಹೋಗುದು ಅಷ್ಟು ಒಳ್ಳೇದಲ್ಲ, ಹತ್ರ ನಿಟ್ರಿಯಾಸ್ ಅನ್ನುವಲ್ಲಿ ಕಡಲ್ಗಳ್ಳರಿದ್ದಾರೆ ಅಂತ ಬರ್ದಿದ್ದಾನೆ, ಇಂಡಿಯಾ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ನುಂಗ್ತದೆ ಅಂತ ಗೊಣಗಿದ್ದೂ ಅವನೇ. ನಿಟ್ರಿಯಾಸ್ ಅಂದ್ರೆ ನೇತ್ರಾವತಿ ಅಂತ ಕೆಲವ್ರು, ಅಲ್ಲ ಮುರ್ಡೇಶ್ವರದ ಹತ್ರದ ನೇತ್ರಾಣಿ ಅಂತ ಇನ್ನು ಕೆಲವ್ರು. ಹಾಗಾಗಿ ನೇಪಲ್ಸಿಂದ ಉಳ್ಳಾಲದ ಕಡೆಗೆ ಕೆಂಪು ದಾರ ಎಳೀರಿ, ತುದಿಯಲ್ಲಿ ಪೆನ್ಸಿಲ್ಲಲ್ಲಿ ಒಂದು ಪ್ರಶ್ನೆ ಚಿಹ್ನೆ. ಕಳ್ಳರು ನಮ್ಮವ್ರಾ ಅಂತ ಮಕ್ಳು ಕೇಳಿಯೇ ಕೇಳ್ತಾರೆ, ಕೇಳ್ಲಿ. ದಾರದ ಪಕ್ಕ 1938ರಲ್ಲಿ ಪಾಂಪೆಯಿಯ ಬೂದಿಯಿಂದ ತೆಗ್ದ ಭಾರತದ ದಂತದ ಗೊಂಬೆಯ ಫೋಟೋ.

ಚೀನಾಕ್ಕೆ ಒಂದೇ ಲೈನ್ ಸಾಕು: ಲುವೊಯಾಂಗಿನ ಬಿಳಿಹುಲಿ ಸಭಾಂಗಣದಲ್ಲಿ ಅದೇ ವರ್ಷ ಪಂಡಿತರು ಶಾಸ್ತ್ರಗ್ರಂಥಗಳ ಮೇಲೆ ಚರ್ಚೆಗೆ ಕೂತಿದ್ರು.

ಕೊಲೊಸಿಯಂ ಚಿತ್ರ ಮಾತ್ರ ಬೇಡ, ಅದು ಓಪನ್ ಆದ್ದು 80ರಲ್ಲಿ. ನಾವು ಫೆವಿಕಾಲ್ ಹಾಕಿ ಅಂಟಿಸಿ ಆಗಿತ್ತು, ಕೀಳುವಾಗ ಅರ್ಧ ವೆಸೂವಿಯಸ್ಸೂ ಒಟ್ಟಿಗೆ ಬಂತು.