ಓಎಲ್‌ಇಡಿ ಟಿವಿಯನ್ನು ಗೇಮಿಂಗ್ ಮಾನಿಟರ್ ಮಾಡಿಕೊಂಡ ಬಗೆ

ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಓಎಲ್‌ಇಡಿ ಟಿವಿಯನ್ನು ಕಂಪ್ಯೂಟರಿಗೆ ಜೋಡಿಸಿ ಆಟ ಆಡುವವರ ನಡುವೆ ಚರ್ಚೆಯೆಲ್ಲ ಚಿತ್ರದ ಸೆಟ್ಟಿಂಗ್‌ಗಳ ಸುತ್ತಲೇ ನಡೆಯುತ್ತದೆ. ವಿಜಯಪುರದ ನಮ್ಮ ಮನೆಯಲ್ಲಿ 42 ಇಂಚಿನ ಎಲ್‌ಜಿ ಸಿ2 ಟಿವಿಯನ್ನು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನ ಮಾನಿಟರ್ ಆಗಿ ಬಳಸುತ್ತ ಬಂದಿರುವ ನನಗೆ ತಿಳಿದಂತೆ, ಅರ್ಧ ಕೆಲಸ ಟಿವಿಯ ಮೆನುವಿನಲ್ಲಿದೆ, ಉಳಿದರ್ಧ ಗೋಡೆಯ ಪ್ಲಗ್ಗಿನಲ್ಲಿದೆ. ಟಿವಿಯು ತನ್ನ ಬುದ್ಧಿ ಓಡಿಸಿ ಚಿತ್ರವನ್ನು ತಿದ್ದುವುದನ್ನು ನಿಲ್ಲಿಸಬೇಕು. ಆದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ಮಾಡುವ ಕೆಲಸಕ್ಕೆ ಮಾತ್ರ ಅಡ್ಡಿ ಬರಬಾರದು.

ಗಾತ್ರದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. 3840×2160 ಪಿಕ್ಸೆಲ್‌ಗಳು 55 ಇಂಚಿನ ಪರದೆಯ ಮೇಲೆ ಹರಡಿದಾಗ ಇಂಚಿಗೆ ಸುಮಾರು 80 ಆಗುತ್ತವೆ. 42 ಇಂಚಿನಲ್ಲಿ ಸುಮಾರು 105 ಆಗುತ್ತವೆ. ಮೇಜಿನ ಮುಂದೆ ಕುಳಿತು ಅಕ್ಷರ ಓದುವವನಿಗೆ ಈ ವ್ಯತ್ಯಾಸ ದೊಡ್ಡದು. 42 ಇಂಚಿನ ಪರದೆಯೂ 93 ಸೆಂಟಿಮೀಟರ್ ಅಗಲ, 52 ಸೆಂಟಿಮೀಟರ್ ಎತ್ತರ ಇರುವುದರಿಂದ, ಅಂಗಡಿಯಲ್ಲಿ ಸಿಗುವ ಎರಡಡಿ ಆಳದ ಕಂಪ್ಯೂಟರ್ ಟೇಬಲ್ ಮೇಲೆ ಸ್ಟ್ಯಾಂಡ್ ಸಹಿತ ಇಟ್ಟರೆ ಮೂಗಿಗೆ ತಾಗುವಷ್ಟು ಹತ್ತಿರವಾಗುತ್ತದೆ. ನಮ್ಮದು ಹಳೆಯ ಕಲ್ಲಿನ ಗೋಡೆ, ಬೇಕಾದ ಜಾಗದಲ್ಲೇ ರಂಧ್ರ ಕೊರೆಯುವುದು ಕಷ್ಟ. ಆದ್ದರಿಂದ ಬಡಿಗೇರರಿಂದ ಒಂದು ದಪ್ಪ ಪ್ಲೈವುಡ್ ಹಲಗೆ ಮಾಡಿಸಿ, ಅದನ್ನು ಗೋಡೆಗೆ ಬಿಗಿದು, ಹಲಗೆಯ ಮೇಲೆ ಬ್ರ್ಯಾಕೆಟ್ ಕೂರಿಸಿ, ಟೇಬಲ್ಲನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದಿದ್ದೇನೆ. ಕಣ್ಣಿಗೂ ಪರದೆಗೂ ಸುಮಾರು ಮೂರಡಿ ಅಂತರ ಸಿಗುತ್ತದೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕಿಟಕಿ ಪಡುವಣಕ್ಕಿರುವುದರಿಂದ ದಪ್ಪ ಪರದೆಬಟ್ಟೆ ಹಾಕಿಸಬೇಕಾಯಿತು. ಓಎಲ್‌ಇಡಿಯ ಕಪ್ಪು ಎಷ್ಟೇ ಆಳವಾಗಿದ್ದರೂ ಸಂಜೆಯ ಬಿಸಿಲು ಗಾಜಿನಲ್ಲಿ ಪ್ರತಿಫಲಿಸಿದರೆ ಅದಕ್ಕೆ ಬೆಲೆಯಿಲ್ಲ.

ಕಂಪ್ಯೂಟರಿನ ಚಿತ್ರವನ್ನು ಟಿವಿಗೆ ಒಯ್ಯುವ ಎಚ್‌ಡಿಎಂಐ ಕೇಬಲ್ ಚುಚ್ಚುವ ಮೊದಲೇ ಅರ್ಥಿಂಗ್ ಪರೀಕ್ಷೆ ಮಾಡಿಸಿದೆ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ ವಿದ್ಯುತ್ತಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಪೆಟ್ಟಿಗೆಗೆ ಜೋಡಿಸಿರುತ್ತವೆ. ಅರ್ಥ್ ಸರಿಯಾಗಿದ್ದರೆ ಆ ಸೋರಿಕೆ ನೆಲಕ್ಕಿಳಿಯುತ್ತದೆ; ಇಲ್ಲದಿದ್ದರೆ ಪೆಟ್ಟಿಗೆಯ ಮೈ ಸರಬರಾಜಿನ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸಿಗೆ ಏರಿ ಕೂತಿರುತ್ತದೆ. ಬರಿಗಾಲಲ್ಲಿ ಮುಟ್ಟಿದರೆ ಜುಮ್ಮೆನ್ನುವುದು ಇದರಿಂದಲೇ. ಮನುಷ್ಯನಿಗೆ ಅದು ಬರೀ ಜುಮ್ಮೆಂದರೂ, ಎರಡೂ ಯಂತ್ರಗಳು ಚಾಲೂ ಇರುವಾಗ ಕೇಬಲ್ ಚುಚ್ಚಿದರೆ ಆ ವೋಲ್ಟೇಜು ಟಿವಿಯ ಎಚ್‌ಡಿಎಂಐ ಪೋರ್ಟಿನ ಮೂಲಕವೇ ದಾರಿ ಹುಡುಕಿಕೊಳ್ಳಬಹುದು. ಪೋರ್ಟು ಸುಟ್ಟರೆ ಮೇನ್ ಬೋರ್ಡಿಗೇ ಖರ್ಚು ಬೀಳುತ್ತದೆ.

ಎಲೆಕ್ಟ್ರಿಶಿಯನ್ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಬಲ್ಬೊಂದನ್ನು ತಂದಿದ್ದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಝಗ್ಗನೆ ಉರಿದ ಬಲ್ಬು ಫೇಸ್ ಮತ್ತು ಅರ್ಥ್ ನಡುವೆ ಇಟ್ಟಾಗ ಮಿಣುಮಿಣು ಎಂದಿತು. ‘ಅರ್ಥಿಂಗ್ ಹೆಸರಿಗಷ್ಟ ಐತ್ರಿ ಸರ್ರ, ಗುಂಡಿ ಒಣಗಿ ನೆಲ ಬಿರಕ್ ಬಿಟ್ಟೈತಿ,’ ಎಂದರು. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಆಗ ಮಣ್ಣು ಅರ್ಥ್ ಪ್ಲೇಟಿನ ಮೈ ಬಿಟ್ಟು ಸರಿದು ಪ್ರತಿರೋಧ ಹೆಚ್ಚುತ್ತದೆ. ಗುಂಡಿಯನ್ನು ಮತ್ತೆ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿಸಿ, ನೀರು ಹಾಕಲು ಒಂದು ಪೈಪ್ ಬಿಡಿಸಿದೆ. ಬೇಸಿಗೆ ತಿಂಗಳುಗಳಲ್ಲಿ ಅದಕ್ಕೆ ಆಗಾಗ ಒಂದು ಕೊಡ ನೀರು ಸುರಿಯುವುದು ಈಗ ಗೇಮಿಂಗ್ ವ್ಯವಸ್ಥೆಯ ಭಾಗವೇ ಆಗಿದೆ. ಟಿವಿ, ಕಂಪ್ಯೂಟರ್, ಸೌಂಡ್‌ಬಾರ್ ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟಿದ್ದೇನೆ.

ಕೇಬಲ್ ಆರಿಸುವಾಗ ಲೆಕ್ಕ ಗೊತ್ತಿದ್ದರೆ ಅಂಗಡಿಯವನ ಮಾತಿಗೆ ಮರುಳಾಗಬೇಕಿಲ್ಲ. 4ಕೆ (3840×2160) ಚಿತ್ರವನ್ನು ಸೆಕೆಂಡಿಗೆ 120 ಸಲ, ಪ್ರತಿ ಬಣ್ಣಕ್ಕೆ 10 ಬಿಟ್‌ನಂತೆ, ಬಣ್ಣದ ವಿವರ ಕತ್ತರಿಸದೆ ಕಳಿಸಲು ಕೇಬಲ್ಲಿನ ಮೇಲೆ ಸೆಕೆಂಡಿಗೆ ಸುಮಾರು 40 ಗಿಗಾಬಿಟ್ ಹರಿಯಬೇಕು. ಎಚ್‌ಡಿಎಂಐ 2.0ರ ಮಿತಿ 18 ಗಿಗಾಬಿಟ್, ಅದು 4ಕೆ 60 ಹರ್ಟ್ಸ್‌ಗೆ ಸಾಕಾಗುವಷ್ಟು ಮಾತ್ರ. ಎಚ್‌ಡಿಎಂಐ 2.1ರ ಮಿತಿ 48 ಗಿಗಾಬಿಟ್. ಎನ್‌ವಿಡಿಯಾದ ಕಾರ್ಡುಗಳಲ್ಲಿ ಈ 2.1 ಬಂದದ್ದು 2020ರ ಆರ್‌ಟಿಎಕ್ಸ್ 30 ಸರಣಿಯಿಂದ. ಅದಕ್ಕಿಂತ ಹಿಂದಿನ ಕಾರ್ಡು ಇರುವವರು ಎಂಥ ಕೇಬಲ್ ತಂದರೂ ಪ್ರಯೋಜನವಿಲ್ಲ. ಡಬ್ಬಿಯ ಮೇಲೆ ‘8ಕೆ’ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಏನನ್ನೂ ಖಾತ್ರಿಪಡಿಸುವುದಿಲ್ಲ. ‘ಅಲ್ಟ್ರಾ ಹೈ ಸ್ಪೀಡ್’ ಪ್ರಮಾಣಪತ್ರದ ಚೀಟಿ, ಅದರ ಮೇಲೆ ಸ್ಕ್ಯಾನ್ ಮಾಡಬಹುದಾದ ಸಂಕೇತ ಇರುವ ಎರಡು ಮೀಟರಿನ ಕೇಬಲ್ಲನ್ನು ತರಿಸಿಕೊಂಡೆ. ಕಂಪ್ಯೂಟರನ್ನು ಬೇರೆ ಕೋಣೆಯಲ್ಲಿಟ್ಟು ಉದ್ದದ ಕೇಬಲ್ ಎಳೆಯುವ ಆಲೋಚನೆ ಇರುವವರು ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ಲಿಗೆ ಹೋಗುವುದು ಒಳ್ಳೆಯದು. ಅದಕ್ಕೆ ದಿಕ್ಕು ಇರುತ್ತದೆ, ಕಾರ್ಡಿನ ತುದಿಯನ್ನು ಟಿವಿಗೆ ಚುಚ್ಚಿದರೆ ಚಿತ್ರ ಬರುವುದಿಲ್ಲ.

ಟಿವಿಯ ಮೆನುವಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ಬದಲಿಸಿದ್ದು, ನೋಡಲು ಬರೀ ಹೆಸರಿನ ಬದಲಾವಣೆಯಂತೆ ಕಾಣುವ ಒಂದು ಆಯ್ಕೆಯನ್ನು. ಹೋಮ್ ಡ್ಯಾಶ್‌ಬೋರ್ಡಿನಲ್ಲಿ ಆ ಎಚ್‌ಡಿಎಂಐ ಇನ್‌ಪುಟ್‌ನ ಚಿಹ್ನೆಯನ್ನು ‘ಪಿಸಿ’ ಎಂದು ಬದಲಿಸದಿದ್ದರೆ, ಕಾರ್ಡು ಬಣ್ಣದ ಪೂರ್ಣ ವಿವರವನ್ನು ಕಳಿಸಿದರೂ ಟಿವಿಯು ಅಡ್ಡ ದಿಕ್ಕಿನಲ್ಲಿ ಸಿನಿಮಾಕ್ಕೆ ಸಾಕಾಗುವಷ್ಟು ಬಣ್ಣದ ವಿವರವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕೈಬಿಡುತ್ತದೆ. ಸಿನಿಮಾದಲ್ಲಿ ಇದು ಕಾಣುವುದಿಲ್ಲ, ಅಕ್ಷರದಲ್ಲಿ ಕಾಣುತ್ತದೆ. ಕನ್ನಡ ಓದುವವರಿಗಂತೂ ಇದನ್ನು ಪರೀಕ್ಷಿಸಲು ಬೇರೆ ಚಿತ್ರಪಟ ಬೇಡ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ, ಸಣ್ಣ ಗಾತ್ರದಲ್ಲಿ, ‘ಲಕ್ಷ್ಮಿ’, ‘ರಾಷ್ಟ್ರ’ ಎಂದು ಬರೆದು ನೋಡಿದೆ. ಕ್ಷಕಾರದ ಕೆಳಗಿನ ಮಕಾರದ ಒತ್ತು ಕರಗಿ ಒಂದು ಕೆಂಪು ಮಚ್ಚೆಯಾಗಿತ್ತು; ಷ್ಟ್ರದಲ್ಲಿ ಎರಡು ಒತ್ತುಗಳು ಒಂದರ ಮೈಮೇಲೆ ಒಂದು ಬಿದ್ದಿದ್ದವು. ಚಿಹ್ನೆಯನ್ನು ಪಿಸಿ ಎಂದು ಬದಲಿಸಿದ ಮರುಕ್ಷಣ ಪ್ರತಿ ಗೆರೆಯೂ ಬೇರೆ ಬೇರೆಯಾಗಿ ನಿಂತಿತು. ಇದರ ಜೊತೆಗೆ ಆ ಇನ್‌ಪುಟ್‌ಗೆ ‘ಎಚ್‌ಡಿಎಂಐ ಡೀಪ್ ಕಲರ್’ ಚಾಲೂ ಇರಬೇಕು, ಪಿಕ್ಚರ್ ಮೋಡ್ ‘ಗೇಮ್ ಆಪ್ಟಿಮೈಸರ್’ ಆಗಿರಬೇಕು, ವಿಳಂಬ ತಗ್ಗಿಸುವ ಆಯ್ಕೆ ‘ಬೂಸ್ಟ್’ನಲ್ಲಿರಬೇಕು.

ಕಂಪ್ಯೂಟರಿನ ಕಡೆ ಕೆಲಸ ಕಡಿಮೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ರೆಸಲ್ಯೂಷನ್‌ಗಳು ಎರಡು ಗುಂಪಾಗಿರುತ್ತವೆ, ಮೇಲಿನದು ಟಿವಿಯದು, ಕೆಳಗಿನದು ಪಿಸಿಯದು. ಕೆಳಗಿನ ಗುಂಪಿನ 3840×2160, 120 ಹರ್ಟ್ಸ್ ಆರಿಸಿ, ಬಣ್ಣ ಆರ್‌ಜಿಬಿ, 10 ಬಿಟ್, ರೇಂಜ್ ‘ಫುಲ್’ ಎಂದು ಇಟ್ಟುಕೊಂಡೆ.

ಕತ್ತಲೆ-ಬೆಳಕಿನ ಹರವನ್ನು ಹಿಗ್ಗಿಸಿ ತೋರಿಸುವ ಎಚ್‌ಡಿಆರ್‌ಗೆ ಮಾತ್ರ ತಾಳ್ಮೆ ಬೇಕು. ಆಟವು ತನ್ನ ಬೆಳಕನ್ನು ತಾನೇ ಪರದೆಗೆ ಹೊಂದಿಸಿ ಕಳಿಸುತ್ತದೆ. ಟಿವಿಯ ‘ಡೈನಾಮಿಕ್ ಟೋನ್ ಮ್ಯಾಪಿಂಗ್’ ಅದನ್ನು ಮತ್ತೊಮ್ಮೆ ಹೊಂದಿಸಿದರೆ ಎರಡು ಸಲ ಉಪ್ಪು ಹಾಕಿದ ಸಾರಿನಂತಾಗುತ್ತದೆ. ಅದಕ್ಕೆಂದೇ ‘ಎಚ್‌ಜಿಐಜಿ’ ಎಂಬ ಆಯ್ಕೆ ಇದೆ. ಅದರಲ್ಲಿ ಟಿವಿಯು ತನ್ನ ಮಿತಿಯವರೆಗೆ ಬಂದ ಬೆಳಕನ್ನು ಇದ್ದಂತೆಯೇ ತೋರಿಸಿ, ಮಿತಿ ದಾಟಿದ್ದನ್ನು ಕತ್ತರಿಸುತ್ತದೆ. ಅದನ್ನು ಆರಿಸಿದ ಮೇಲೆಯೇ ಮೈಕ್ರೋಸಾಫ್ಟ್‌ನ ‘ವಿಂಡೋಸ್ ಎಚ್‌ಡಿಆರ್ ಕ್ಯಾಲಿಬ್ರೇಷನ್’ ತಂತ್ರಾಂಶವನ್ನು ನಡೆಸಬೇಕು, ಏಕೆಂದರೆ ಅದು ಅಳೆಯುವುದು ಈ ಮಿತಿಯನ್ನೇ. ಅದರಲ್ಲಿ ಅತಿ ಕಡಿಮೆ ಬೆಳಕು, ಸಣ್ಣ ಭಾಗದ ಗರಿಷ್ಠ ಬೆಳಕು, ಪೂರ್ತಿ ಪರದೆಯ ಗರಿಷ್ಠ ಬೆಳಕು ಎಂದು ಮೂರು ಪರೀಕ್ಷೆಗಳಿವೆ. ಮೂರರಲ್ಲೂ ಚೌಕಗಳ ವಿನ್ಯಾಸ ಕಣ್ಮರೆಯಾಗುವ ಹಂತಕ್ಕೆ ಸ್ಲೈಡರನ್ನು ತರಬೇಕು. ಎರಡನೆಯದಕ್ಕಿಂತ ಮೂರನೆಯದು ಕೆಳಗೆ ನಿಂತರೂ ಗಾಬರಿಯಾಗಬೇಕಿಲ್ಲ. ಇಡೀ ಪರದೆ ಬೆಳ್ಳಗಾದಾಗ ವಿದ್ಯುತ್ತೂ ಶಾಖವೂ ಮಿತಿ ಮೀರದಂತೆ ಓಎಲ್‌ಇಡಿ ಹೊಳಪನ್ನು ತಾನೇ ಇಳಿಸುತ್ತದೆ. ಕಚೇರಿಯ ಕೆಲಸ ಮಾಡುವಾಗ ನಾನು ಎಚ್‌ಡಿಆರ್ ಬಂದ್ ಮಾಡಿಯೇ ಇರುತ್ತೇನೆ. ಎಚ್‌ಡಿಆರ್ ಚಾಲೂ ಇದ್ದರೆ ವಿಂಡೋಸ್ ಸಾಮಾನ್ಯ ಚಿತ್ರಗಳ ನೆರಳುಗಳನ್ನು ಪೇಲವವಾಗಿ ತೋರಿಸುತ್ತದೆ. ವಿಂಡೋಸ್ ಕೀ, ಆಲ್ಟ್, ಬಿ ಒಟ್ಟಿಗೆ ಒತ್ತಿದರೆ ಬದಲಾಯಿಸಿಕೊಳ್ಳಬಹುದು.

ಆಟದ ಫ್ರೇಮ್ ವೇಗಕ್ಕೆ ತಕ್ಕಂತೆ ಪರದೆಯ ವೇಗವನ್ನು ಬದಲಿಸುವ ವಿಆರ್‌ಆರ್ ಚಾಲೂ ಮಾಡಿದವರೆಲ್ಲ ಒಂದಲ್ಲ ಒಂದು ದಿನ ಕತ್ತಲೆಯ ದೃಶ್ಯಗಳಲ್ಲಿ ಪರದೆ ಮಿನುಗುವುದನ್ನು ನೋಡುತ್ತಾರೆ. ಪರದೆಯ ಗಾಮಾ (ಕಪ್ಪಿನಿಂದ ಬಿಳಿಯವರೆಗೆ ಹೊಳಪು ಏರುವ ಬಗೆ) ಹೊಂದಾಣಿಕೆಯನ್ನು ಗರಿಷ್ಠ ವೇಗಕ್ಕೆ ಮಾಡಿರುತ್ತಾರೆ. ಫ್ರೇಮ್‌ಗಳ ವೇಗ ಇಳಿದಾಗ ಕಪ್ಪಿಗೆ ಹತ್ತಿರದ ಬೂದು ಬಣ್ಣಗಳು ತುಸು ಏರುತ್ತವೆ, ವೇಗ ಹತ್ತಿಳಿದಂತೆಲ್ಲ ಅವೂ ಹತ್ತಿಳಿಯುತ್ತವೆ. 60 ಫ್ರೇಮ್‌ಗೆ ಕಟ್ಟಿಹಾಕಿದ ಎಲ್ಡನ್ ರಿಂಗ್‌ನಂಥ ಆಟದಲ್ಲಿ ಇದು ಕಣ್ಣಿಗೆ ಬೀಳುವುದು ವಿರಳ. ಉಳಿದ ಆಟಗಳಲ್ಲಿ ಫ್ರೇಮ್ ವೇಗವನ್ನು ಸ್ಥಿರವಾಗಿಡುವುದೇ ಉಪಾಯ. ಎನ್‌ವಿಡಿಯಾದ ಚಿತ್ರ ಹಿಗ್ಗಿಸುವ ತಂತ್ರವಾದ ಡಿಎಲ್‌ಎಸ್‌ಎಸ್ ಅನ್ನು ‘ಕ್ವಾಲಿಟಿ’ಯಲ್ಲಿಟ್ಟರೆ ಕಾರ್ಡು 2560×1440 ಚಿತ್ರ ಬರೆದು ಅದನ್ನು 4ಕೆಗೆ ಏರಿಸುತ್ತದೆ, ವೇಗ ಅಷ್ಟು ಕುಸಿಯುವುದಿಲ್ಲ. ಜಿ-ಸಿಂಕ್ (ಎನ್‌ವಿಡಿಯಾದ ವಿಆರ್‌ಆರ್), ಡ್ರೈವರಿನ ವಿ-ಸಿಂಕ್ (ಚಿತ್ರ ಹರಿದಂತೆ ಕಾಣದಂತೆ ತಡೆಯುವ ಆಯ್ಕೆ), ಆಟದ ರಿಫ್ಲೆಕ್ಸ್ (ವಿಳಂಬ ತಗ್ಗಿಸುವ ಆಯ್ಕೆ) ಮೂರೂ ಚಾಲೂ ಇದ್ದರೆ ವೇಗ ತಾನಾಗಿ 116ರ ಆಸುಪಾಸಿನಲ್ಲಿ ನಿಲ್ಲುತ್ತದೆ. ರಿಫ್ಲೆಕ್ಸ್ ಇಲ್ಲದ ಆಟಗಳಿಗೆ ಡ್ರೈವರಿನಲ್ಲಿ ಅದೇ ಅಂಕಿಯನ್ನು ನಾನೇ ಹಾಕಿದ್ದೇನೆ.

ಒಂದೇ ಪುಟವನ್ನು ಬಹಳ ಹೊತ್ತು ಓದುತ್ತಿದ್ದರೆ ಪರದೆ ಮೆಲ್ಲಗೆ ಮಂಕಾಗುತ್ತದೆ, ಕಿಟಕಿಯೊಂದನ್ನು ಸರಿಸಿದೊಡನೆ ಮತ್ತೆ ಬೆಳಗುತ್ತದೆ. ದುರಸ್ತಿಗಾರರಿಗೆಂದಿರುವ ಸರ್ವಿಸ್ ಮೆನುವಿಗೆ ಹೊಕ್ಕು ಇದನ್ನು ಬಂದ್ ಮಾಡುವವರಿದ್ದಾರೆ. ಪರದೆ ಸವೆಯದಿರಲೆಂದು ಇಟ್ಟ ಏರ್ಪಾಡನ್ನು ವಾರಂಟಿಯನ್ನೂ ಪಣಕ್ಕಿಟ್ಟು ಕಿತ್ತುಹಾಕುವುದು ನನಗೆ ಸರಿಯೆನಿಸದೆ ಹಾಗೆಯೇ ಬಿಟ್ಟಿದ್ದೇನೆ. ಟಾಸ್ಕ್‌ಬಾರ್ ಅಡಗಿಸಿ, ಹಿನ್ನೆಲೆಯನ್ನು ಕಪ್ಪಾಗಿಸಿ, ಐದು ನಿಮಿಷ ಕೈಯಾಡದಿದ್ದರೆ ಪರದೆ ಆರುವಂತೆ ಇಟ್ಟಿದ್ದೇನೆ. ರಾತ್ರಿ ಕೆಲಸಕ್ಕೆ ಪಿಕ್ಸೆಲ್ ಬ್ರೈಟ್‌ನೆಸ್ 40ರ ಆಸುಪಾಸು ಸಾಕು. ಹಾಗೆ ನೋಡಿದರೆ ಓಎಲ್‌ಇಡಿಗೆ ಆಟಗಳಿಗಿಂತ ದೊಡ್ಡ ಶತ್ರು ನಮ್ಮ ಸುದ್ದಿ ವಾಹಿನಿಗಳು: ಬೆಳಗಿನಿಂದ ರಾತ್ರಿಯವರೆಗೆ ಅದೇ ಜಾಗದಲ್ಲಿ ನಿಲ್ಲುವ ಕೆಂಪು ಪಟ್ಟಿ, ಮೂಲೆಯಲ್ಲಿ ಕದಲದ ಲೋಗೋ. ಸುದ್ದಿ ನೋಡುವುದಕ್ಕೆ ಪಡಸಾಲೆಯ ಹಳೆಯ ಟಿವಿಯೇ ಇದೆ.

ಇನ್ನು ಪ್ಲಗ್ಗಿನ ವಿಷಯ. ಒಟ್ಟು ನಾಲ್ಕು ಗಂಟೆಯಷ್ಟು ನೋಡಿದ ಮೇಲೆ ರಿಮೋಟಿನಿಂದ ಆರಿಸಿದಾಗ ಈ ಟಿವಿ ನಿಜವಾಗಿ ಮಲಗುವುದಿಲ್ಲ. ಪ್ರತಿ ಪಿಕ್ಸೆಲ್ಲಿನ ಹಿಂದಿರುವ ಟ್ರಾನ್ಸಿಸ್ಟರಿನ ಗುಣ ಬಳಕೆಯಿಂದ ಎಷ್ಟು ಬದಲಾಗಿದೆ ಎಂದು ಅಳೆದು, ಆ ವ್ಯತ್ಯಾಸವನ್ನು ತುಂಬಿಕೊಡುವ ಕೆಲಸವನ್ನು ಕೆಲವು ನಿಮಿಷ ನಡೆಸುತ್ತದೆ. 2000 ಗಂಟೆಗೊಮ್ಮೆ ಇದರ ದೀರ್ಘ ರೂಪವೊಂದು ನಡೆಯುತ್ತದೆ. ಇದಕ್ಕೆ ಸ್ಟ್ಯಾಂಡ್‌ಬೈ ಕರೆಂಟ್ ಬೇಕು. ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಎಲ್ಲ ಸ್ವಿಚ್ಚುಗಳನ್ನೂ ಬಂದ್ ಮಾಡಿಕೊಂಡು ಬರುವ ರೂಢಿ. ‘ಗುಡುಗು ಮಿಂಚು ಬಂದ್ರ ಏನ್ ಮಾಡ್ತಿಯಪಾ, ಬಟನ್ ತಗದು ಮಲಗು,’ ಎನ್ನುವ ಅವ್ವನ ಮಾತಿನಲ್ಲೂ ಹುರುಳಿದೆ. ಅದಕ್ಕಾಗಿ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಸ್ವಿಚ್ಚಿನ ಮೇಲೆ ‘ಬಂದ್ ಮಾಡಬಾರದು’ ಎಂದು ಚೀಟಿ ಅಂಟಿಸಿದ್ದೇನೆ. ಸಿಡಿಲಿನ ರಾತ್ರಿ ಮಾತ್ರ ಟಿವಿ ತನ್ನ ಕೆಲಸ ಮುಗಿಸುವವರೆಗೆ ಕಾದು ಪ್ಲಗ್ಗನ್ನೇ ಕೀಳುತ್ತೇನೆ. ಕರೆಂಟ್ ಹೋದಾಗ ಟಿವಿ ಮತ್ತು ಕಂಪ್ಯೂಟರ್ ಎರಡೂ ಸೈನ್ ವೇವ್ ಇನ್ವರ್ಟರಿನ ಮೇಲೆ ನಿಲ್ಲುತ್ತವೆ. ಇನ್ವರ್ಟರನ್ನು ಬೇಗ ಬ್ಯಾಟರಿಗೆ ಬದಲಾಗುವ ‘ಯುಪಿಎಸ್’ ಮೋಡಿನಲ್ಲೇ ಇಡಬೇಕು. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಾಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. 3080 ಕಾರ್ಡೊಂದೇ 320 ವ್ಯಾಟ್ ಎಳೆಯುವುದರಿಂದ ಇನ್ವರ್ಟರಿನ ಮೇಲೆ ಆಟ ಮುಂದುವರಿಸದೆ, ಸೇವ್ ಮಾಡಿ, ಕ್ರಮವಾಗಿ ಆರಿಸುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಶಾಖ ಹೆಚ್ಚಿದಷ್ಟೂ ಓಎಲ್‌ಇಡಿಯ ಸಾವಯವ ಪದರ ಬೇಗ ಸವೆಯುತ್ತದೆ. ಹಲಗೆಯ ಹಿಂದೆ ಗಾಳಿಯಾಡಲು ಜಾಗ ಬಿಟ್ಟಿದ್ದೇನೆ, ಎಚ್‌ಡಿಆರ್ ಆಟಗಳನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ, ಕೂಲರಿನ ತೇವದ ಗಾಳಿ ನೇರವಾಗಿ ಪರದೆಗೆ ತಾಗದಂತೆ ನೋಡಿಕೊಳ್ಳುತ್ತೇನೆ. ಧೂಳನ್ನು ಟಿವಿ ಆರಿಸಿದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ, ಒತ್ತದೆ ಒರೆಸುತ್ತೇನೆ.

ಮಾನಿಟರಿನ ಒಂದು ಗುಣ ಮಾತ್ರ ಇದಕ್ಕೆ ಬಂದಿಲ್ಲ. ಕಂಪ್ಯೂಟರ್ ಎದ್ದಾಗ ನಮ್ಮ ಟಿವಿ ತಾನಾಗಿ ಏಳುವುದಿಲ್ಲ, ಕಂಪ್ಯೂಟರ್ ಆರಿದಾಗ ಸಿಗ್ನಲ್ ಇಲ್ಲವೆಂಬ ಫಲಕ ತೋರಿಸುತ್ತ ಕೂರುತ್ತದೆ. ಮನೆಯ ನೆಟ್‌ವರ್ಕಿನ ಮೂಲಕ ಟಿವಿಗೆ ಅಪ್ಪಣೆ ಕಳಿಸುವ ಉಚಿತ ತಂತ್ರಾಂಶಗಳು ಇವೆ. ನಾನು ರಿಮೋಟನ್ನೇ ಕೀಬೋರ್ಡಿನ ಪಕ್ಕ ಇಟ್ಟುಕೊಂಡಿದ್ದೇನೆ.