ವಿಮಾನದ ಹೊಗೆ ಓಝೋನ್ ಹೆಚ್ಚಿಸುತ್ತದೋ, ಇಳಿಸುತ್ತದೋ? ಲ್ಯಾಪ್‌ಟಾಪ್‌ನಲ್ಲೇ ಲೆಕ್ಕ ಹಾಕಿದ ನನ್ನ ಅನುಭವ

ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು (ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್) ಬರುವುದು 15 ಗ್ರಾಂ ಆಸುಪಾಸು ಮಾತ್ರ. ಆದರೆ ಮೇಲಿನ ಗಾಳಿಯ ಕೆಮಿಸ್ಟ್ರಿಯನ್ನು ಅಲುಗಾಡಿಸುವುದು ಈ 15 ಗ್ರಾಂ. ಅದು ಹೇಗೆ ಅಂತ ನೋಡಲು ನಾನೇ ಒಂದು ಬಾಕ್ಸ್ ಮಾಡೆಲ್ ಬರೆದೆ, ಅಂದರೆ ಒಂದು ತುಂಡು ಗಾಳಿಯನ್ನು ಮುಚ್ಚಿದ ಡಬ್ಬಿ ಅಂತ ಭಾವಿಸಿ ಅದರೊಳಗಿನ ರಾಸಾಯನಿಕ ಕ್ರಿಯೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ.

ಬೇಕಾದದ್ದು ಎರಡೇ. ಒಂದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಇನ್ನೊಂದು, ನಾಸಾದ ಜೆಪಿಎಲ್ ಪ್ರಯೋಗಾಲಯ ಉಚಿತವಾಗಿ ಕೊಡುವ ರಾಸಾಯನಿಕ ಕ್ರಿಯೆಗಳ ವೇಗದ ಪಟ್ಟಿ. ಹತ್ತೂವರೆ ಕಿಲೋಮೀಟರ್ ಎತ್ತರದ ಒಂದು ತುಂಡು ಗಾಳಿಯನ್ನು ಆರಿಸಿಕೊಂಡೆ. ಉಷ್ಣಾಂಶ 220 ಕೆಲ್ವಿನ್, ಅಂದರೆ ಮೈನಸ್ 53 ಡಿಗ್ರಿ. ಅದರಲ್ಲಿ ಓಝೋನ್, ಮೀಥೇನ್, ಕಾರ್ಬನ್ ಮಾನಾಕ್ಸೈಡ್, ನೀರಾವಿ ಇಟ್ಟೆ. ಆಮೇಲೆ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಸೇರಿಸಿದೆ.

ಓಝೋನ್ ಏರಿತು. ಕಾರಣ ಹೀಗಿದೆ. ಹೈಡ್ರೋಪೆರಾಕ್ಸಿ ಅನ್ನುವ ಚುರುಕು ಅಣು ನೈಟ್ರಿಕ್ ಆಕ್ಸೈಡ್‌ಗೆ ಒಂದು ಆಮ್ಲಜನಕ ಕೊಟ್ಟು ಅದನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ. ಬಿಸಿಲು ಅದನ್ನು ಒಡೆಯುತ್ತದೆ. ಬಿಡುಗಡೆಯಾದ ಆಮ್ಲಜನಕ ಪರಮಾಣು ಗಾಳಿಯ ಆಮ್ಲಜನಕದ ಜೊತೆ ಸೇರಿ ಓಝೋನ್ ಆಗುತ್ತದೆ. ನೈಟ್ರಿಕ್ ಆಕ್ಸೈಡ್ ಮಾತ್ರ ಖರ್ಚಾಗುವುದೇ ಇಲ್ಲ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಚಳಿಯ ಪಾತ್ರ. ನೆಲದ ಹತ್ತಿರದ 298 ಕೆಲ್ವಿನ್‌ನಿಂದ 220ಕ್ಕೆ ಇಳಿದರೆ, ಓಝೋನನ್ನು ನೈಟ್ರಿಕ್ ಆಕ್ಸೈಡ್ ತಿನ್ನುವ ವೇಗ ಸುಮಾರು ಆರನೇ ಒಂದು ಭಾಗಕ್ಕೆ ಬೀಳುತ್ತದೆ. ಹೈಡ್ರೋಪೆರಾಕ್ಸಿ ಜೊತೆಗಿನ ಕ್ರಿಯೆ ಚಳಿಯಲ್ಲಿ ಇನ್ನೂ ವೇಗವಾಗುತ್ತದೆ. ಪಟ್ಟಿಯಲ್ಲಿರುವ ಎರಡು ಸಾಲು ಸೂತ್ರ ಅಷ್ಟೆ, ಆದರೆ ಅದರಲ್ಲೇ ಅರ್ಧ ಕಥೆ ಇದೆ, ಅಲ್ವಾ?

ಲೆಕ್ಕ ಓಡಿಸುವವರಿಗೆ ಒಂದು ಮಾತು. ಹೈಡ್ರಾಕ್ಸಿಲ್ ಅನ್ನುವ ಇನ್ನೊಂದು ಚುರುಕು ಅಣುವಿನ ಆಯಸ್ಸು ಸೆಕೆಂಡುಗಳ ಲೆಕ್ಕದ್ದು, ಮೀಥೇನ್‌ನದ್ದು ವರ್ಷಗಳದ್ದು. ಎರಡೂ ಒಂದೇ ಸಮೀಕರಣಗಳ ಗುಂಪಿನಲ್ಲಿ ಇದ್ದಾಗ, ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಮಾಮೂಲಿ ರುಂಗೆ-ಕುಟ್ಟ ವಿಧಾನ ತೆವಳುತ್ತದೆ. ಪೈಥಾನ್‌ನ ಗಣಿತದ ಲೈಬ್ರರಿ ಸೈಪೈನಲ್ಲಿ, ಇಂಥ ಲೆಕ್ಕಕ್ಕೆಂದೇ ಇರುವ ಬಿಡಿಎಫ್ ವಿಧಾನ ಆರಿಸಿ. ಬಿಸಿಲನ್ನು ಸ್ಥಿರವಾಗಿ ಇಡಬೇಡಿ, ಹಗಲು ರಾತ್ರಿ ಬದಲಾಗಲಿ.

ನಂತರ ಅದೇ ಡಬ್ಬಿಯನ್ನು ಮೂವತ್ತು ಕಿಲೋಮೀಟರ್‌ಗೆ ಏರಿಸಿದೆ. ಅಲ್ಲಿ ಬಿಡಿ ಆಮ್ಲಜನಕ ಪರಮಾಣುಗಳು ಬಹಳ ಜಾಸ್ತಿ. ಓಝೋನ್ ಆಗಬೇಕಿದ್ದ ಅವುಗಳನ್ನೇ ನೈಟ್ರೋಜನ್ ಡೈಆಕ್ಸೈಡ್ ಹಿಡಿದುಹಾಕುತ್ತದೆ. ಈಗ ಓಝೋನ್ ಇಳಿಯಿತು. ಅದೇ ಅನಿಲ, ಉಲ್ಟಾ ಕೆಲಸ! 1970ರಲ್ಲಿ ವಿಜ್ಞಾನಿ ಪಾಲ್ ಕ್ರುಟ್ಜೆನ್ ತೋರಿಸಿದ ಚಕ್ರ ಇದು. 1971ರಲ್ಲಿ ರಸಾಯನ ವಿಜ್ಞಾನಿ ಹೆರಾಲ್ಡ್ ಜಾನ್‌ಸ್ಟನ್ ಶಬ್ದಕ್ಕಿಂತ ವೇಗದ ವಿಮಾನಗಳ ಬಗ್ಗೆ ಎಚ್ಚರಿಸಿದ್ದೂ ಇದೇ ಚಕ್ರವನ್ನು ಹಿಡಿದು. ಮತ್ತೆ ಅಂಥ ವಿಮಾನಗಳ ಮಾತು ಎದ್ದಿರುವಾಗ, ಎಷ್ಟು ಎತ್ತರದಲ್ಲಿ ಹಾರುತ್ತವೆ ಅನ್ನುವುದನ್ನೇ ಮೊದಲು ಕೇಳಬೇಕು ಅನ್ನುತ್ತೇನೆ.

ಡಬ್ಬಿಗೆ ಮಿತಿಗಳಿವೆ. ಹೊಗೆಯ ಸಣ್ಣ ಕಣಗಳು ಅದರಲ್ಲಿ ಇಲ್ಲ. 1994ರಲ್ಲಿ ನಾಸಾದ ಇಆರ್-2 ಸಂಶೋಧನಾ ವಿಮಾನ ನ್ಯೂಜಿಲೆಂಡ್ ಬಳಿ, ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನದ ಹೊಗೆಯೊಳಗೆ ಹಾದು ಅಳತೆ ಮಾಡಿದಾಗ ಸಣ್ಣ ಕಣಗಳು ನಿರೀಕ್ಷೆಗಿಂತ ಜಾಸ್ತಿ ಸಿಕ್ಕಿದ್ದವು. ಇನ್ನೊಂದು, ಮೀಥೇನ್. ನೈಟ್ರಿಕ್ ಆಕ್ಸೈಡ್ ಹೆಚ್ಚಾದರೆ ಹೈಡ್ರಾಕ್ಸಿಲ್ ಹೆಚ್ಚುತ್ತದೆ, ಅದು ಮೀಥೇನನ್ನು ಬೇಗ ಮುಗಿಸುತ್ತದೆ. ಎರಡೂ ಶಾಖ ಹಿಡಿದಿಡುವ ಅನಿಲಗಳು, ಹಾಗಾಗಿ ಓಝೋನ್ ಏರಿದ್ದರಿಂದ ಬಿಸಿ, ಮೀಥೇನ್ ಇಳಿದದ್ದರಿಂದ ತಂಪು. ಕೆಲವು ದಿನ ಮಾತ್ರ ಓಡಿಸಿದ ಮಾಡೆಲ್‌ನಲ್ಲಿ ಮೊದಲನೆಯದಷ್ಟೇ ಕಾಣುತ್ತದೆ. ಎರಡನೆಯದಕ್ಕೆ ಭೂಮಿಯನ್ನೆಲ್ಲ ಸೇರಿಸಿದ ದೊಡ್ಡ ಮಾಡೆಲ್ ಬೇಕು, ವರ್ಷಗಟ್ಟಲೆಯ ಲೆಕ್ಕ ಬೇಕು.